ಬಂಗಡೆ ಪ್ರಾಣಾಯಾಮ

ಜೂನ್ ಎರಡು, ಸೋಮವಾರ. ಬೆಳಗಿನಿಂದ ಬಿಡದ ಮಳೆ; ಪ್ರಾರ್ಥನೆ ವರಾಂಡದಲ್ಲೇ ಮುಗಿಯಿತು. ಶಾಲೆಯಲ್ಲಿ ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಯಾರಾದರೂ ಗಂಭೀರವಾಗಿ ಒಂದು ಕೆಲಸಕ್ಕೆ ಕೈ ಹಾಕಿದರೆ ಸಾಕು, ಅವು ತಾವಾಗಿಯೇ ಬರುತ್ತವೆ. ಅಂದು ನಾವು ಕೈ ಹಾಕಿದ್ದು ಯೋಗಕ್ಕೆ. ದಿನಾ ಸಂಜೆ ಮನೆಗೆ ಬಂದಾಗ ಹೆಂಡತಿ ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ. ಅವಳು ಕೇಳದಿದ್ದರೆ ಇಷ್ಟೂ ಹೇಳುತ್ತಿರಲಿಲ್ಲ.

೧. ಆಯ್ಕೆ

ನಮ್ಮದು ಹೊನ್ನಾವರದ ಪಕ್ಕ, ಮೀನುಗಾರಿಕೆ ಬಂದರಿಗೆ ಅಂಟಿಕೊಂಡ ಹೈಸ್ಕೂಲು. ನಾನು ಅಲ್ಲಿ ಕನ್ನಡ ಮೇಷ್ಟ್ರು. ಹತ್ತನೇ ತರಗತಿಗೆ ದಿನಾ ಹತ್ತು ನಿಮಿಷ ಯೋಗ ಕಲಿಸಬೇಕೆಂದು ಹೆಡ್ ಮೇಡಂ ಸಭೆ ಕರೆದರು. ಡ್ರಿಲ್ ಮೇಷ್ಟ್ರು ಮಂಡಿ ನೋವೆಂದರು. ವಿಜ್ಞಾನದವರು ಭಟ್ಕಳದಿಂದ ಬರುವ ಬಸ್ಸು ದಿನಾ ತಡವೆಂದರು. ನಾನು ಸುಮ್ಮನೆ ಕುಳಿತಿದ್ದೆ.

ಮೇಡಂ ನನ್ನತ್ತ ತಿರುಗಿ, "ನೀವೇ ಸರಿ ಸರ್. ಮಾತೇ ಆಡುದಿಲ್ಲ. ಅರ್ಧ ಯೋಗ ಆಗ್ಲೇ ಆತು" ಎಂದರು.

ಹತ್ತು ನಿಮಿಷ ಕತ್ತರಿಸಿದ್ದು ಗಣಿತದ ಪೀರಿಯಡ್ಡಿನಿಂದ. "ಅರ್ಧವಾರ್ಷಿಕದವರೆಗೆ ಬಿಟ್ಟಿದ್ದೇನೆ. ಪ್ರಯೋಜನ ಕಾಣದಿದ್ರೆ ವಾಪಸ್" ಎಂದರು ಗಣಿತದ ಮೇಷ್ಟ್ರು. ಹಾಗೆ ಹೇಳುವಾಗ ಅವರು ಗಡಿಯಾರ ನೋಡುತ್ತಿದ್ದರು.

೨. ಈಗಷ್ಟೇ ಇಳಿದ ಮೀನು

ಆ ತರಗತಿಯಲ್ಲಿ ಒಬ್ಬಳು ಹುಡುಗಿ. ಬಾಯಲ್ಲಿ ಕೇಳಿದರೆ ಎಲ್ಲ ಬರುತ್ತದೆ. ಪ್ರಶ್ನೆಪತ್ರಿಕೆ ಕೈಗೆ ಬಂದರೆ ಕೈ ನಡುಗಿ ಪೆನ್ನು ಜಾರುತ್ತದೆ. ಒಂಬತ್ತನೇ ತರಗತಿಯಲ್ಲಿ ಗಣಿತದ ಹಾಳೆ ಖಾಲಿ ಕೊಟ್ಟಿದ್ದಳು. ಅವಳ ತಾಯಿ ನಮ್ಮ ಬೀದಿಗೆ ಬುಟ್ಟಿ ಹೊತ್ತು ಮೀನು ಮಾರಲು ಬರುವವಳು.

ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಅವೆಲ್ಲ ತಾಡಪತ್ರಿ ಹೊದ್ದು ದಡದಲ್ಲಿ ಮಲಗಿದ್ದಾಗಲೂ ಈಕೆ ಬುಟ್ಟಿ ಇಳಿಸಿ, "ಈಗಷ್ಟೇ ಬೋಟಿಂದ ಇಳ್ದದ್ದು ಮಾಸ್ತರೇ" ಎನ್ನುತ್ತಿದ್ದಳು.

ಒಂದು ದಿನ ಬುಟ್ಟಿ ಇಳಿಸಿದವಳೇ ಮಗಳ ಮಾತು ತೆಗೆದಳು. "ಈ ಸಲನೂ ಖಾಲಿ ಕೊಟ್ರೆ ಶಾಲೆ ಎಂತಕ್ಕೆ? ನನ್ ಸಂಗ್ತಿಗೆ ಬುಟ್ಟಿ ಹೊರ್ಲಿ. ಅವ್ಳ ಹತ್ರ ಬರೆಸಿ, ನಿಮ್ಗೆ ಕೊಡುದು ಕೊಡ್ತೆ."

"ನನಗೇನೂ ಬೇಡ" ಎಂದೆ.

"ಬೇಡ ಅಂದ್ರೆ ಆತಾ? ಪುಕ್ಕಟೆ ಕಲ್ತದ್ದು ತಲೆಲಿ ನಿಲ್ಲುದಿಲ್ಲ" ಎಂದಳು. ಮೀನು ತೆಗೆದುಕೊಂಡೆ. ಹೆಂಡತಿ ಕಿವಿರು ಎತ್ತಿ ನೋಡಿ, "ಬೋಟಿಂದ ಇಳ್ದದ್ದು ಹೌದು. ಯಾವ ವಾರ ಅಂತ ಕೇಳ್ಬೇಕಿತ್ತು" ಎಂದಳು.

೩. ಏಕಾಗ್ರತೆ

ಎರಡು ತಿಂಗಳು ಮಕ್ಕಳು ಕಣ್ಣು ಮುಚ್ಚಿ, ದೂರದ ಸದ್ದು ಆಲಿಸುತ್ತ, ಅಲ್ಲಾಡದೆ ಕುಳಿತರು. ನನ್ನ ಸಾಧನೆಯೆಂದೇ ನಂಬಿದ್ದೆ. ಆಗಸ್ಟ್ ಬಂತು, ಬೋಟುಗಳು ಹೊರಟವು, ಇಂಜಿನ್ನಿನ ಸದ್ದು ತರಗತಿಯೊಳಗೂ ಬಂತು.

"ಅದು ನಮ್ಮ ಮಾವನ ಬೋಟು" ಎಂದಿತು ಮುಚ್ಚಿದ ಕಣ್ಣಿನ ಒಂದು ಮುಖ.

"ಅಲ್ವೋ, ನಿನ್ನ ಮಾವಂದು ಕೆಮ್ಮತದೆ. ಇದು ಹೊಸ ಇಂಜಿನ್."

"ಬತ್ತಾ ಅದೆ. ತೂಕ ಅದೆ. ಮೀನು ಸಿಕ್ಕದೆ!"

ಅರ್ಧ ತರಗತಿ ಕಿಟಕಿಗೆ ಓಡಿತು. ಬೋಟಿನ ತುಂಬ ಮೀನಿತ್ತು, ಅದು ಮಾವನದೇ ಆಗಿತ್ತು.

ಬಾಗಿಲಲ್ಲಿ ನಿಂತಿದ್ದ ಗಣಿತದ ಮೇಷ್ಟ್ರು, "ಏಕಾಗ್ರತೆ ಬಂದಿದೆ ಸರ್. ನನ್ನ ಪೀರಿಯಡ್ಡಿಗೆ ಮಾತ್ರ ಬಂದಿಲ್ಲ" ಎಂದರು.

೪. ನಾಲಿಗೆ

ಭಯ ಬಿಡಿಸಲು ಸಿಂಹಾಸನ ಒಳ್ಳೆಯದೆಂದು ಪುಸ್ತಕದಲ್ಲಿ ಓದಿದ್ದೆ. ಮಂಡಿಯೂರಿ, ಕಣ್ಣರಳಿಸಿ, ನಾಲಿಗೆ ಪೂರ್ತಿ ಚಾಚಿ ಗರ್ಜಿಸಬೇಕು. ನಾನು ಚಾಚಿದೆ, ಇಡೀ ತರಗತಿ ಚಾಚಿತು. ಅದೇ ಹೊತ್ತಿಗೆ ಕುಮಟೆಯಿಂದ ಬಂದಿದ್ದ ಶಿಕ್ಷಣ ಇಲಾಖೆಯ ಅಧಿಕಾರಿಯನ್ನು ಮೇಡಂ ಒಳಗೆ ಕರೆತಂದರು.

ಅಧಿಕಾರಿ ನನ್ನ ನಾಲಿಗೆಯನ್ನೇ ನೋಡುತ್ತ ನಿಂತರು. ಒಳಗೆಳೆದುಕೊಂಡರೆ ತಪ್ಪು ಒಪ್ಪಿಕೊಂಡಂತೆ ಎಂದು ಹಾಗೇ ಇದ್ದೆ. ಆಗ, ಯೋಗಕ್ಕೆ ಒಂದು ದಿನವೂ ಕೂರದಿದ್ದ ಗಣಿತದ ಮೇಷ್ಟ್ರು ಬಂದು ನನ್ನ ಪಕ್ಕ ಮಂಡಿಯೂರಿದರು. ಎಲ್ಲರಿಗಿಂತ ಉದ್ದಕ್ಕೆ ಚಾಚಿದರು.

ಆಮೇಲೆ ಕಾರಣ ಕೇಳಿದೆ. "ಇಷ್ಟು ವರ್ಷದ ಸರ್ವಿಸ್ಸಿನಲ್ಲಿ ಅಧಿಕಾರಿ ಎದುರು ನಾಲಿಗೆ ಚಾಚುವ ಅವಕಾಶ ಇದೊಂದೇ ಸಿಕ್ಕಿದ್ದು" ಎಂದರು.

ಆ ಹುಡುಗಿ ತರಗತಿಯಲ್ಲಿ ಬಾಯಿ ತುಂಬ ನಕ್ಕಿದ್ದನ್ನು ನಾನು ಕಂಡದ್ದು ಅಂದೇ ಮೊದಲು.

೫. ಉಸಿರು

ನಕ್ಕರೇನು, ಅವಳ ಕೈ ನಡುಗುವುದು ನಿಂತಿರಲಿಲ್ಲ. ಉಸಿರನ್ನು ಎಣಿಸುತ್ತ ನಿಧಾನ ಬಿಡು ಎಂದೆ. "ಎಣಿಸ್ಲಿಕ್ಕೆ ಹೋದ್ರೆ ಗಣಿತ ನೆನಪಾಗ್ತದೆ ಸರ್" ಎಂದಳು. ಓಂಕಾರ ಹೇಳಿಸಿದೆ, ಅರ್ಧಕ್ಕೇ ಉಸಿರು ಮುಗಿಯಿತು.

ಅಷ್ಟರಲ್ಲಿ ಹೊರಗೆ ರಸ್ತೆಯಲ್ಲಿ ಅವಳ ತಾಯಿ ಬಂಗಡೆ ಮೀನು ಮಾರುವ ಕೂಗು ಕೇಳಿತು: "ಬಂಗಡೇ..." ಶಾಲೆಯ ಗೇಟಿನಲ್ಲಿ ಶುರುವಾದ ಕೂಗು ಬಸ್ ಸ್ಟಾಪಿನವರೆಗೆ ಒಂದೇ ಉಸಿರಿನಲ್ಲಿ ಹೋಯಿತು.

"ನಿನಗೆ ಬರುತ್ತದಾ?" ಎಂದೆ. ನಾಚುತ್ತಲೇ ಕೂಗಿದಳು. ತಾಯಿಗಿಂತ ಉದ್ದ. ಮುಗಿದಾಗ ಅವಳ ಕೈ ಮೇಜಿನ ಮೇಲೆ ತಣ್ಣಗೆ ಕುಳಿತಿತ್ತು.

"ಪರೀಕ್ಷೆಯಲ್ಲೂ ಇದನ್ನೇ ಮಾಡು. ಮನಸ್ಸಿನಲ್ಲಿ" ಎಂದೆ.

೬. ಪರೀಕ್ಷೆ

ಅರ್ಧವಾರ್ಷಿಕ, ಗಣಿತ. ಕೋಣೆಯಲ್ಲಿ ಗಣಿತದ ಮೇಷ್ಟ್ರು, ವರಾಂಡದಲ್ಲಿ ನಾನು. ಪತ್ರಿಕೆ ಕೈಗೆ ಬಂತು, ಅವಳ ಪೆನ್ನು ನೆಲಕ್ಕೆ ಬಿತ್ತು. ಕಣ್ಣು ಮುಚ್ಚಿದಳು, ಉಸಿರು ತುಂಬಿಕೊಂಡಳು. ಮನಸ್ಸಿನಲ್ಲಿ ಎಂಬುದು ಮರೆತುಹೋಯಿತು.

"ಬಂಗಡೇ..."

ಹಿಂದಿನ ಬೆಂಚಿನಿಂದ ಯಾರದೋ ದನಿ: "ತಾಜಾ ಅದೆಯನೇ?"

ಕಣ್ಣು ತೆರೆಯದೆಯೇ ಹುಡುಗಿ ಹೇಳಿದಳು: "ಈಗಷ್ಟೇ ಬೋಟಿಂದ ಇಳ್ದದ್ದು!"

ಗದರಿಸಬೇಕಾದ ಗಣಿತದ ಮೇಷ್ಟ್ರು ಕನ್ನಡಕ ತೆಗೆದು ಗೋಡೆಗೆ ಆತುಕೊಂಡು ನಕ್ಕರು. ಅವಳೂ ನಕ್ಕಳು. ನಗುತ್ತಲೇ ಬಗ್ಗಿ ಪೆನ್ನು ಎತ್ತಿಕೊಂಡು ಬರೆಯತೊಡಗಿದವಳು ಕೊನೆಯ ಗಂಟೆಯವರೆಗೆ ತಲೆಯೆತ್ತಲಿಲ್ಲ. ಹೆಚ್ಚುವರಿ ಹಾಳೆಯನ್ನೂ ಕೇಳಿದಳು.

"ಹತ್ತು ನಿಮಿಷ ನಿಮಗೇ ಇರಲಿ" ಎಂದರು ಗಣಿತದ ಮೇಷ್ಟ್ರು, ಉತ್ತರಪತ್ರಿಕೆ ತಿದ್ದಿದ ಮೇಲೆ. "ಪಬ್ಲಿಕ್ ಪರೀಕ್ಷೆಯಲ್ಲಿ ಮಾತ್ರ ಸ್ವಲ್ಪ ಮೆಲ್ಲಗೆ ಕೂಗಲಿ."

೭. ದಕ್ಷಿಣೆ

ಮಗಳು ಅರ್ಧವಾರ್ಷಿಕದಲ್ಲಿ ಪಾಸಾದ ಮರುದಿನ ತಾಯಿ ಬೀದಿಗೆ ಬಂದಳು. ಹೆಂಡತಿ ಒಳಗೆ ಒಗ್ಗರಣೆಗೆ ಇಟ್ಟಿದ್ದಳು. ನಾನೊಬ್ಬನೇ ಗೇಟಿಗೆ ಹೋಗಿ, ಬರಿಗೈಯಲ್ಲಿ ವಾಪಸು ಬಂದೆ.

"ಮಗ್ಳು ಶಾಲೆ ಬಿಡುದಿಲ್ಲ ಅಲ್ದಾ?" ಎಂದಳು ಹೆಂಡತಿ.

"ಇಲ್ಲ. ಕಾಲೇಜಿಗೂ ಕಳಿಸ್ತಾಳಂತೆ."

"ಕೊಡುದು ಕೊಡ್ತೆ ಅಂದಿದ್ಳಲ್ಲ, ಕೊಟ್ಳಾ?"

"ಕೊಟ್ಟಳು."

"ಮತ್ತೆ ಕೈ ಖಾಲಿ ಅದೆ! ಎಂತ ಕೊಟ್ಳು?"

"ಬುಟ್ಟಿ ಇಳಿಸಿದಳು, ಆಚೀಚೆ ನೋಡಿದಳು. ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು: 'ಇವತ್ತು ತಕಣಬೇಡಿ ಮಾಸ್ತರೇ. ಎಲ್ಲ ಮೊನ್ನೆದು.'"