ಕೆಮ್ಮುವ ವಿಮಾನಕ್ಕೆ ಹೂವಿನ ಅಪ್ಪಣೆ

ಎದೆ ಧಸಕ್ಕೆನ್ನುವ ಮಾತುಗಳೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಎರಡು ಸೀಟಿನ ಪುಟ್ಟ ವಿಮಾನ ಹಾರಿಸುವುದು ನನ್ನ ಕಸುಬು. ಆದರೆ ಆಕಾಶದಲ್ಲಿ ನಾನು ಗಾಬರಿಯಾದದ್ದು ಕಡಿಮೆ. ಆದದ್ದೆಲ್ಲ ನೆಲದ ಮೇಲೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಟೀ ಕುಡಿಯುವಾಗ.

ನಾನು ಹೊಳಲ್ಕೆರೆಯವಳು. ಎಲ್ಲೆಲ್ಲೋ ಹಾರಾಟ ಕಲಿತು, ನಾಲ್ಕು ಜನಕ್ಕೆ ಕಲಿಸಿ, ಕೊನೆಗೆ ಮನೆಗೆ ಹತ್ತಿರ ಆಗುತ್ತಲ್ಲ ಅಂತ ಬಾಗೂರಿನ ಕಡೆ ಒಬ್ಬ ಗೌಡರ ಹತ್ತಿರ ಕೆಲಸಕ್ಕೆ ಸೇರಿದೆ. ಗೌಡರಿಗೆ ದಾಳಿಂಬೆ ತೋಟ ಇದೆ, ಅದರ ಜೊತೆಗೆ ವಿಮಾನದ ಹುಚ್ಚೂ ಇದೆ. ತೋಟದ ಪಕ್ಕದ ಬಯಲಿಗೆ ರೋಲರ್ ಹೊಡೆಸಿ ರನ್‌ವೇ ಮಾಡಿಸಿದರು. ಅವರಿವರ ಕೈಕಾಲು ಹಿಡಿದು ಪರವಾನಗಿಗಳನ್ನೂ ತರಿಸಿದರು. ನಾನು ಹೇಳಹೊರಟಿರುವುದು ಅವರ ಮಗಳ ಮದುವೆಯ ವಾರದ ಕಥೆ. ಆ ವಾರ ನನಗೆ ಬಂದಷ್ಟು ಸಿಟ್ಟು ಹುಟ್ಟಿದಾಗಿಂದ ಬಂದಿರಲಿಲ್ಲ.

ಪೊರೆ ಬಂದ ಕಣ್ಣು

ಮದುವೆ ಹಿರಿಯೂರಿನ ಛತ್ರದಲ್ಲಿ. ನಿಶ್ಚಿತಾರ್ಥಕ್ಕೆ ದುರ್ಗದ ಬೀಗರು ಸಾರೋಟು, ಡೊಳ್ಳು ಎಲ್ಲ ತಂದು ಬೀದಿ ತುಂಬ ಮೆರೆದು ಹೋಗಿದ್ದರು. ಗೌಡರಿಗೆ ಅದನ್ನು ನುಂಗಿಕೊಳ್ಳೋಕಾಗಲಿಲ್ಲ. "ನೆಲದ ಮೇಲೆ ಯಾರು ಬೇಕಾದ್ರೂ ಮೆರೀತಾರೆ ಬಿಡ್ರಿ. ನಾನು ಧಾರೆ ಹೊತ್ತಿಗೆ ವಿಮಾನದಾಗಿಂದ ಹೂವಿನ ಮಳೆ ಸುರಿಸ್ತೀನಿ" ಅಂತ ಬೀಗರ ಎದುರೇ ಹೇಳಿಬಿಟ್ಟರು. ವಿಮಾನ ಹಾರಿಸುವವಳು ನಾನು, ಪಕ್ಕದ ಸೀಟಲ್ಲಿ ಕೂತು ಹೂ ಸುರಿಯುವವರು ಅವರು.

ಈ ಇಂಜಿನ್ನಿಗೆ ಕಿಡಿ ಕೊಡುವ ಏರ್ಪಾಡು ಎರಡು. ಒಂದು ಕೈಕೊಟ್ಟರೆ ಇನ್ನೊಂದು ಕೈ ಹಿಡಿಯಲಿ ಅಂತ. ಹಾರುವ ಮುಂಚೆ ಒಂದೊಂದನ್ನೇ ಬಂದ್ ಮಾಡಿ, ಎರಡೂ ನೆಟ್ಟಗಿವೆಯಾ ಅಂತ ನೋಡಬೇಕು. ಆ ಬೆಳಿಗ್ಗೆ ಬಲಗಡೆಯದನ್ನು ಬಂದ್ ಮಾಡಿ ಎಡಗಡೆಯದೊಂದರ ಮೇಲೇ ಓಡಿಸಿ ನೋಡಿದೆ. ಇಂಜಿನ್ನು ಗೊರಗೊರ ಕೆಮ್ಮಿ, ಮೈಯೆಲ್ಲ ನಡುಗಿಸಿ, ಇನ್ನೇನು ನಿಂತೇ ಹೋಗುತ್ತೆ ಅನ್ನುವ ಹಾಗಾಯಿತು. ಬೆಂಗಳೂರಿನ ಇಂಜಿನಿಯರಿಗೆ ಫೋನ್ ಮಾಡಿದರೆ, ಸಾಮಾನು ತರಿಸಿಕೊಂಡು ಬಂದು ಹಾಕುವಷ್ಟರಲ್ಲಿ ಮದುವೆ ಮುಗಿದಿರುತ್ತದೆ ಅಂದರು.

ಹೋಗಿ ಗೌಡರಿಗೆ ಹೇಳಿದೆ. ಜಗಲಿಯ ಮೂಲೆಯಲ್ಲಿ ಅವರ ತಾಯಿ, ತುಂಬ ವಯಸ್ಸಾದ ಅಜ್ಜಿ, ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದರು.

"ಇನ್ನೊಂದು ಸರಿಯಾಗೈತಾ?" ಅಂದರು ಗೌಡರು.

"ಅದು ಸರಿಯಾಗಿದೆ."

"ಮತ್ತಿನ್ನೇನ್ರಿ ಮೇಡಂ? ನಂದೂ ಒಂದು ಕಣ್ಣಿಗೆ ಪೊರೆ ಬಂದೈತೆ. ಇನ್ನೊಂದರಾಗೇ ಓಡಾಡ್ತಿಲ್ವಾ?"

"ಗೌಡ್ರೆ, ನೀವು ಎಡವಿದ್ರೆ ಮೊಣಕಾಲು ತರಚುತ್ತೆ. ಅಲ್ಲಿ ಮೇಲೆ ನಾನು ಎಡವಿದ್ರೆ ತರಚೋಕೆ ಮೊಣಕಾಲೇ ಉಳಿಯಲ್ಲ" ಅಂದೆ.

"ಕಣ್ಣಿನ ಡಾಕ್ಟ್ರೂ ಹಿಂಗೇ ಹೆದರಿಸ್ತಾರೆ. ಹೆದರಿಸೋರ ಮಾತು ಕೇಳಿದ್ರೆ ನಾವು ಬಾಳಾಟ ಮಾಡಿದಂಗೇ! ಹಾರಿಸೋಕಾಗದಿದ್ರೆ ಹೇಳಿಬಿಡ್ರಿ, ಬ್ಯಾರೆಯೋರನ್ನ ನೋಡ್ಕಂತೀನಿ" ಅಂತ ಗತ್ತಿನಿಂದ ಎದ್ದರು. ಎದ್ದವರು ಬಾಗಿಲು ಬಿಟ್ಟು ಬಾಗಿಲ ಪಕ್ಕದ ಗೋಡೆಗೆ ನೇರವಾಗಿ ಹೋಗಿ ಹಣೆ ಗುದ್ದಿಕೊಂಡರು.

ಸೋದರಮಾವನ ಬಣವೆ

ಹಾರಿಸದಿದ್ದರೆ ಕೆಲಸ ಹೋಗುತ್ತೆ, ಹಾರಿಸಿದರೆ ಜೀವ ಹೋಗುತ್ತೆ. ಎರಡರ ನಡುವೆ ಸಿಕ್ಕಿ ನಾನು ಒದ್ದಾಡುತ್ತಿರುವಾಗ, ನನಗೆ ಬುದ್ಧಿ ಹೇಳಲಿ ಅಂತ ಗೌಡರು ಹೆಂಡತಿಯ ತಮ್ಮನನ್ನು ಕಳಿಸಿದರು. ಮದುವೆ ಹುಡುಗಿಗೆ ಸೋದರಮಾವ, ಖಾಸಗಿ ಬಸ್ಸಿನ ಡ್ರೈವರ್.

"ಏನಕ್ಕಾ, ಇಷ್ಟಕ್ಕೆಲ್ಲ ಹೆದರ್ತಾರಾ? ಒಂದ್ಸಲ ಹೊಸದುರ್ಗ ಬಿಡ್ತಿದ್ದಂಗೆ ನನ್ನ ಬಸ್ಸಿನ ಬ್ರೇಕು ಫೇಲ್ ಆತು. ಬಸ್ಸು ತುಂಬ ಜನ. ಒಬ್ಬರಿಗೂ ಗೊತ್ತಾಗದಂಗೆ ರಾಮಗಿರಿ ತನಕ ಓಡಿಸ್ಕಂಡು ಬಂದೆ."

ಹೋದ ವರ್ಷವೆಲ್ಲ ನಾನು ಓಡಾಡಿದ್ದು ಅದೇ ಬಸ್ಸಿನಲ್ಲಿ! "ಮತ್ತೆ ನಿಲ್ಲಿಸಿದ್ದು ಹೆಂಗಣ್ಣಾ?"

"ರಸ್ತೆ ಪಕ್ಕ ಒಂದು ಹುಲ್ಲಿನ ಬಣವೆ ಇತ್ತು. ಮೆತ್ತಗೆ ಹೋಗಿ ಅದಕ್ಕೆ ಆನಿಸಿದೆ. ಒಬ್ಬರಿಗೂ ಒಂದು ಗೀರೂ ಇಲ್ಲ."

"ಸರಿ. ಮೇಲೆ ಇಂಜಿನ್ ನಿಂತರೆ ನಾನು ಯಾವ ಬಣವೆಗೆ ಆನಿಸಲಿ, ಅದನ್ನೂ ಹೇಳಿಬಿಡು" ಅಂದೆ, ಸಿಟ್ಟಿನಿಂದಲೇ.

ಪುಣ್ಯಾತ್ಮ ತಲೆ ಎತ್ತಿ ಬಹಳ ಹೊತ್ತು ಆಕಾಶ ನೋಡಿದ. ನನ್ನ ಕಷ್ಟ ಈಗಲಾದರೂ ಅರ್ಥವಾಯಿತಲ್ಲ ಅಂದುಕೊಂಡೆ.

"ಮೋಡ ಅವೆಯಲ್ಲಕ್ಕಾ" ಅಂದ.

ಜೋಡೆತ್ತಿನ ನ್ಯಾಯ

ಮಾರನೇ ದಿನ ಶೆಡ್ಡಿಗೆ ಹೋದರೆ ವಿಮಾನದ ಮೂತಿಯ ಮುಚ್ಚಳ ಬಿಚ್ಚಿ ಕೆಳಗಿಟ್ಟಿತ್ತು. ಇಂಜಿನ್ನಿನೊಳಗೆ ಅರ್ಧ ಮೈ ತೂರಿಸಿಕೊಂಡು ಯಾರೋ ಹಾಡು ಗುನುಗುತ್ತಿದ್ದರು. ಅಯ್ಯೋ ಶಿವನೇ ಅಂತ ಕಿರುಚಿದೆ. ಹೊರಗೆ ಬಂದದ್ದು ಟ್ರ್ಯಾಕ್ಟರ್ ರಿಪೇರಿಯ ಮೇಸ್ತ್ರಿ, ಕೈಯಲ್ಲಿ ಸ್ಪ್ಯಾನರು.

"ಗೌಡ್ರು ಕಳಿಸಿದ್ರಮ್ಮ. ಕುಂತ್ಕಳ್ರಿ, ಗಾಬರಿ ಆಗಬ್ಯಾಡ್ರಿ. ಕಾಯಿಲೆ ಏನು ಅಂತ ಸಿಕ್ಕೈತೆ."

"ಏನು ಸಿಕ್ತು?"

"ಒಂದು ಜೋರೈತೆ, ಒಂದು ಮೆತ್ತಗೈತೆ. ಜೋಡಿ ಕೂಡ್ತಿಲ್ಲ. ಎತ್ತುಗಳೂ ಹಂಗೇ ಅಲ್ವಾ? ಒಂದು ಎಳೀತೈತೆ, ಒಂದು ಎಳೆಯಾಕಿಲ್ಲ ಅಂದ್ರೆ ಗಾಡಿ ರಸ್ತೆ ಬಿಡ್ತೈತೆ. ಎರಡೂ ಸಮ ಮಾಡಿದ್ರೆ ಆತು."

ಮಾತು ಕೇಳೋಕೆ ಚೆನ್ನಾಗಿಯೇ ಇತ್ತು. ನನಗೂ ಒಂದು ಕ್ಷಣ ಆಸೆಯಾಯಿತು ನೋಡಿ. "ಮೆತ್ತಗಿರೋದನ್ನ ಜೋರು ಮಾಡ್ತೀರಾ? ಅದಕ್ಕೆ ಬೇಕಾದ ಸಾಮಾನೇ ಇಲ್ಲವಲ್ಲ" ಅಂದೆ.

"ಅದನ್ನ ಜೋರು ಮಾಡಾಕೆ ನನಗೆ ಬರಲ್ಲಮ್ಮ" ಅಂದರು ಮೇಸ್ತ್ರಿ, ಏನೂ ಮುಚ್ಚಿಡದೆ. "ಜೋರಾಗಿರೋದನ್ನ ಮೆತ್ತಗೆ ಮಾಡ್ತಿದ್ದೆ."

ಅವರ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡೆ, ಅದರ ಮೇಲೆ ಸೆರಗು ಮುಚ್ಚಿಕೊಂಡು ಕೂತೆ. ಅವರು ಊರ ದಾರಿ ಹಿಡಿಯುವ ತನಕ ಏಳಲಿಲ್ಲ. ಗೇಟು ದಾಟುತ್ತಾ ಅವರು ಗೌಡರಿಗೆ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು: "ಇಂಜಿನ್ ಪರವಾಗಿಲ್ರಿ. ಮೇಡಂ ತಲೇನೇ ಸ್ವಲ್ಪ ಬಿಚ್ಚಿ ನೋಡಬೇಕು."

ಬಲಗಡೆ ಬಿದ್ದ ಹೂವು

ಮದುವೆಯ ಹಿಂದಿನ ದಿನ ಗೌಡರು ಕೊನೆಯ ತೀರ್ಮಾನಕ್ಕೆ ಬಂದರು. "ನಾನು ಹೇಳೋದು ಬ್ಯಾಡ, ನೀವು ಹೇಳೋದೂ ಬ್ಯಾಡ. ಗುಡಿ ಅಮ್ಮನ್ನೇ ಕೇಳಾಣ ನಡೀರಿ."

ನಮ್ಮ ಕಡೆ ಬೋರ್‌ವೆಲ್ ಕೊರೆಸಲಿ, ಸಂಬಂಧ ನೋಡಲಿ, ದೇವರಿಗೆ ಹೂ ಕಟ್ಟಿಸಿ ಕೇಳುವುದು ಪದ್ಧತಿ. ಪೂಜಾರಪ್ಪ ಒದ್ದೆ ಹೂಗಳನ್ನು ಅಮ್ಮನ ಎರಡು ಕಡೆಗೂ ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಅಪ್ಪಣೆ ಆಯಿತು, ಎಡಗಡೆಯದು ಬಿದ್ದರೆ ಬೇಡ ಅಂತ. ನಾನೂ ಚಿಕ್ಕಂದಿನಿಂದ ಇದಕ್ಕೆ ತಲೆಬಾಗಿದವಳೇ. ಆದರೆ ಇಂಜಿನ್ನಿನ ವಿಷಯಕ್ಕೆ ಹೂ ಕೇಳಿದ್ದನ್ನು ಎಲ್ಲೂ ಕಂಡಿರಲಿಲ್ಲ.

ಗುಡಿಯಲ್ಲಿ ಎಲ್ಲರೂ ಸೇರಿದ್ದರು. ಗೌಡರು, ಸೋದರಮಾವ, ಮೇಸ್ತ್ರಿ, ಕೋಲೂರಿಕೊಂಡು ಬಂದ ಅಜ್ಜಿ. "ತಾಯೀ, ನನ್ನ ಮಗಳ ಮದುವೇಲಿ ಹೂಮಳೆ ಆಗಬೇಕು. ಮಾನ ಉಳಿಸವ್ವಾ" ಅಂತ ಗೌಡರು ಅಡ್ಡಬಿದ್ದರು. ನಾನು ಕಣ್ಣು ಮುಚ್ಚಿ, ಎಡಕ್ಕೆ ಕೊಡು ತಾಯಿ, ಎಡಕ್ಕೆ ಕೊಡು, ನಿನಗೆ ಹಣ್ಣುಕಾಯಿ ಮಾಡಿಸ್ತೀನಿ ಅಂತ ಬೇಡುತ್ತಿದ್ದೆ.

ಟಪ್ ಅಂತ ಬಲಗಡೆ ಹೂ ಬಿತ್ತು.

ಎಲ್ಲರೂ ಗಂಟೆ ಬಾರಿಸಿದರು. ಇಷ್ಟು ಜನ ಸೇರಿ ಒಬ್ಬ ಹೆಣ್ಣುಮಗಳ ಜೀವವನ್ನು ಚೆಂಡುಹೂವಿನ ಲೆಕ್ಕಕ್ಕೆ ಹಾಕಿದರಲ್ಲ ಅಂತ ಅಳು ಉಕ್ಕಿ ಬಂತು. ಅಳುವಿನ ಹಿಂದೆಯೇ ಸಿಟ್ಟೂ ಬಂತು.

"ಆಯ್ತು. ಅಮ್ಮನ ಅಪ್ಪಣೆ ಆಗಿದೆ. ನಾಳೆ ಧಾರೆ ಹೊತ್ತಿಗೆ ಸರಿಯಾಗಿ ಮೇಲಿರ್ತೀವಿ. ಗೌಡ್ರೆ, ನೀವು ಬೆಳಿಗ್ಗೆಯೇ ಬಂದು ಪಕ್ಕದ ಸೀಟಲ್ಲಿ ಕೂತುಬಿಡಿ" ಅಂದೆ.

ಗೌಡರು ಪೊರೆ ಬಂದ ಕಣ್ಣನ್ನೂ ಬಿಟ್ಟರು. "ಅಲ್ರೀ... ಧಾರೆ ಎರೆಯೋನು ನಾನೇ ಅಲ್ವಾ? ಹುಡುಗಿ ಅಪ್ಪ ಮೇಲಿದ್ರೆ ಕೆಳಗೆ ಧಾರೆ ಯಾರು ಎರೀತಾರೆ?"

ಅಷ್ಟು ದಿನದಿಂದ ಕುಣಿದರೂ ಅದು ಒಬ್ಬರಿಗೂ ಹೊಳೆದಿರಲಿಲ್ಲ. ನಾನು ಸೋದರಮಾವನ ಕಡೆ ತಿರುಗಿದೆ.

"ಹುಡುಗೀನ ಮಂಟಪಕ್ಕೆ ಕರ್ಕಂಡು ಬರೋದು ನಾನಕ್ಕಾ" ಅಂದ, ಕಂಬದ ಹಿಂದಕ್ಕೆ ಸರಿಯುತ್ತಾ.

"ಮೇಸ್ತ್ರಿ?"

"ನನಗೆ ಏಣಿ ಹತ್ತಿದ್ರೇ ತಲೆ ಸುತ್ತು ಬರ್ತೈತಮ್ಮ."

"ಪೂಜಾರಪ್ಪ? ಅಪ್ಪಣೆ ಕೊಡಿಸಿದ್ದು ನೀವು."

"ಅಮ್ಮನ್ನ ಬಿಟ್ಟು ನಾನು ಊರ ಗಡಿ ದಾಟಂಗಿಲ್ರಿ." ಹಿಂದಿನ ವಾರವಷ್ಟೇ ಅವರನ್ನು ನಾನು ಹಿರಿಯೂರಿನ ಸಂತೆಯಲ್ಲಿ ಕಂಡಿದ್ದೆ.

ಆಗ ಕೋಲು ಕುಟ್ಟಿದ ಶಬ್ದ ಕೇಳಿಸಿತು.

"ನಾನು ಬರ್ತೀನಿ ತಾಯಿ" ಅಂದರು ಅಜ್ಜಿ. "ಹೂ ತಾನೆ ಸುರಿಯೋದು? ಕೈ ಇನ್ನೂ ಗಟ್ಟಿ ಅವೆ."

"ಅವ್ವಾ! ನೀನು ಬ್ಯಾಡ!" ಅಂತ ಗೌಡರು ಹಾರಿಬಿದ್ದರು.

"ಯಾಕಲೇ ಬ್ಯಾಡ? ಅಮ್ಮ ಬಲಕ್ಕೇ ಕೊಟ್ಟವಳೆ."

"ಬ್ಯಾಡ ಅಂದ್ರೆ ಬ್ಯಾಡವ್ವಾ!"

"ನೀನೇ ಹೇಳ್ದೆಯಲ್ಲಲೇ, ಇನ್ನೊಂದು ಸರಿಯಾಗೈತೆ ಅಂತ."

"ಅಯ್ಯೋ, ಇಂಜಿನ್ ಕೆಟ್ಟೈತೆ ಕಣವ್ವಾ! ಮೇಲೆ ಹೋಗಿ ನಿಂತ್ರೆ ಏನು ಗತಿ!" ಗೌಡರ ಕೂಗು ಗುಡಿಯ ಹೊರಗಿನ ಅರಳಿಕಟ್ಟೆಯ ತನಕ ಕೇಳಿಸಿತು.

ಅಜ್ಜಿ ಮಗನ ಮುಖವನ್ನೇ ನೋಡಿದರು. ಆಮೇಲೆ ಕೋಲಿನಿಂದ ನನ್ನನ್ನು ತೋರಿಸಿದರು. "ಹಂಗಾರೆ ಇವಳನ್ನ ಹೆತ್ತೋಳು ಅವ್ವ ಅಲ್ವೇನಲೇ?"

ಗೌಡರು ತಲೆ ತಗ್ಗಿಸಿದರು. ನಾನು ಅಲ್ಲೇ ಕೂತು, ನಾಚಿಕೆ ಬಿಟ್ಟು ಅತ್ತುಬಿಟ್ಟೆ.

ಮರುದಿನ ಧಾರೆ ಹೊತ್ತಿಗೆ ದಾಳಿಂಬೆಗೆ ಜೋರು ಗಾಳಿಯಿಂದ ಔಷಧಿ ಹೊಡೆಯುವ ಯಂತ್ರವನ್ನು ಚೆನ್ನಾಗಿ ತೊಳೆದು ಛತ್ರದ ತಾರಸಿಗೆ ಹತ್ತಿಸಿದೆವು. ಅದರ ಗಾಳಿಗೆ ಬುಟ್ಟಿಗಟ್ಟಲೆ ಹೂವಿನ ಎಸಳು ಹಿಡಿದೆ. ಒಳ್ಳೆ ಹೂಮಳೆಯೇ ಆಯಿತು. ಅಮ್ಮನ ಅಪ್ಪಣೆ ಸುಳ್ಳಾಗಲಿಲ್ಲ ನೋಡ್ರಿ ಅಂತ ಪೂಜಾರಪ್ಪ ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಹೇಳಿದರು, ಊರ ಗಡಿ ದಾಟಿ ಹಿರಿಯೂರಿಗೆ ಬಂದು.

ದುರ್ಗದ ಬೀಗರು ಬಿಡಬೇಕಲ್ಲ. "ವಿಮಾನ ಎಲ್ಲಿ ಬೀಗರೇ, ಕಾಣಲೇ ಇಲ್ಲ?" ಅಂತ ನಗುತ್ತಾ ಚುಚ್ಚಿದರು.

ಗೌಡರಿಗೆ ಮಾನ ಹೋದ ಹಾಗಾಯಿತು. ಎದೆ ಸೆಟೆಸಿದರು. "ವಿಮಾನಕ್ಕೇನಾಗೈತ್ರಿ? ಚೆನ್ನಾಗೇ ಐತೆ. ನಮ್ಮ ಪೈಲಟ್ ಮೇಡಂ ಒಂಚೂರು ಹೆದರಿಕೊಂಡ್ರು, ಅಷ್ಟೇ."

ಹಿಂದಿನಿಂದ ಕೋಲಿನ ಸದ್ದು ಕೇಳಿಸಿತು.

"ಚೆನ್ನಾಗೈತಾ?" ಅಂದರು ಅಜ್ಜಿ, ಚಪ್ಪಲಿ ಮೆಟ್ಟುತ್ತಾ. "ಹಂಗಾರೆ ಏಳಲೇ. ಧಾರೆನೂ ಮುಗೀತು, ಈಗ ನಾವಿಬ್ರೂ ಹೋಗಾಣ."