ಅವ್ವ ಎದ್ದು ಹೋದ ಹಾಡುಗಳು

ಪುಣೆಯ ಒಂದು ಬ್ಯಾಂಡಿನಲ್ಲಿ ಗಿಟಾರ್ ಕಲಿತು ಬೀದರಿಗೆ ಮರಳಿದವನಿಗೆ ಇಂಥದ್ದೆಲ್ಲ ಆಗದಿದ್ದರೇ ಆಶ್ಚರ್ಯ. ನಾನು ಬಾರಿಸುವುದು ಬ್ಲೂಸ್ ಮತ್ತು ಫಂಕ್. ಒಂದು ಎದೆಯ ಸಂಕಟ ತೋಡಿಕೊಳ್ಳಲು, ಇನ್ನೊಂದು ಕುಣಿಸಲು. ಮುಂಬೈಯವರು ಚಪ್ಪಾಳೆ ತಟ್ಟಿದ್ದಾರೆ. ಆದರೆ ನನ್ನ ಆಸೆ ಒಂದೇ: ಅವ್ವ ನನ್ನ ಒಂದು ಹಾಡನ್ನಾದರೂ ಕೊನೆಯತನಕ ಕೂತು ಕೇಳಬೇಕು.

೧. ರೊಟ್ಟಿ ಬುಟ್ಟಿ

ಎರಡು ವರ್ಷ ಮಳೆ ಕೈಕೊಟ್ಟಿತ್ತು. ಅರ್ಧ ಓಣಿ ದುಡಿಯಲು ಪುಣೆ, ಹೈದರಾಬಾದ್ ಸೇರಿತ್ತು. ಉಲ್ಟಾ ಬಂದವನು ನಾನೊಬ್ಬನೇ. ಒಂದು ಬೆಳಿಗ್ಗೆ ಕಣ್ಣು ಮುಚ್ಚಿ ಬ್ಲೂಸ್ ಹಾಡುತ್ತಿದ್ದೆ. ಕಣ್ಣು ತೆರೆದರೆ ಬಾಗಿಲಲ್ಲಿ ನೆರೆಯ ನಾಲ್ವರು ಹೆಂಗಸರು, ಕೈಯಲ್ಲಿ ರೊಟ್ಟಿ ಬುಟ್ಟಿ. ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಓಣಿಯವರೇ ಊಟ ತರುವುದು ನಮ್ಮಲ್ಲಿ ರೂಢಿ.

“ಯಾರು ಹೋದ್ರು, ಅಕ್ಕಾ?” ಒಬ್ಬಾಕೆ ಅವ್ವನನ್ನು ಕೇಳಿದಳು.

ಅವ್ವ ನಾಚಿಕೊಂಡಳೆಂದುಕೊಂಡಿರಾ? ಬುಟ್ಟಿ ಇಸಿದುಕೊಂಡಳು. “ಯಾರೂ ಹೋಗಿಲ್ರಿ. ತಂದಿದ್ದು ಇಟ್ಟು ಹೋಗ್ರಿ. ಇಂವ ನಾಳಿನೂ ಹಾಡ್ತಾನ.”

೨. ಗಾಣದ ಎತ್ತು

ಭಾಲ್ಕಿಯ ಒಂದು ಮದುವೆಯಲ್ಲಿ ನಾನೂ ನಮ್ಮ ಡ್ರಮ್ಮಿನ ಚಾಚಾನೂ ಫಂಕ್ ಬಾರಿಸಿದೆವು. ಅದರಲ್ಲಿ ಒಂದೇ ತುಣುಕನ್ನು ತಿರುತಿರುಗಿ ಬಾರಿಸಬೇಕು, ಮಜಾ ಇರುವುದೇ ಅಲ್ಲಿ. ಮದುಮಗನ ಅಜ್ಜ ಸ್ಟೇಜಿಗೇ ಹತ್ತಿ ಬಂದ.

“ತಮ್ಮಾ, ಮುಂದಿಂದು ಮರ್ತೀ ಏನು?”

“ಹಾಡು ಇಷ್ಟೇ ಅದರಿ” ಎಂದ ಚಾಚಾ.

ಅಜ್ಜ ನನ್ನ ಮುಂದೆ ತಂಬಿಗೆ ಇಟ್ಟ. “ಗಾಣದ ಎತ್ತಿಗೂ ನಡುವ ನೀರು ಕುಡಸ್ತಾರ. ಕುಡಿ.”

ಕೇಳಲು ಬಂದಿದ್ದ ಅವ್ವ ಅಷ್ಟರಲ್ಲಿ ಎದ್ದು ಊಟದ ಪಂಕ್ತಿ ಸೇರಿದ್ದಳು.

೩. ಛತ್ರಿ

ಔರಾದ ಕಡೆಯ ಡಾಬಕಾ ಅವ್ವನ ತವರು. ಅಲ್ಲಿಂದ ದುಡಿಯಲು ಹೊರಟವರಿಗಾಗಿ ನನ್ನನ್ನು ಹಾಡಲು ಕರೆದಿದ್ದರು. ಗಂಟುಮೂಟೆ ಆಗಲೇ ಟ್ರಕ್ ಏರಿದ್ದವು. ಅವ್ವ ಎದ್ದು ಹೋಗಬಾರದೆಂದು ಬೇಕಂತಲೇ ಆಕೆಯನ್ನು ಮುಂದಿನ ಸಾಲಿನ ನಟ್ಟನಡುವೆ ಕೂರಿಸಿದೆ. ಮನೆಗೆ ಕೀಲಿ ಹಾಕಿ ಹೋದವರ ಮೇಲೆ ನಾನೇ ಕಟ್ಟಿದ ಬ್ಲೂಸ್ ಎತ್ತಿಕೊಂಡೆ. ಎರಡನೇ ಸಾಲಿಗೇ ಅವ್ವನ ಕಣ್ಣು ತುಂಬಿತು. ಗೆದ್ದೆ ಅಂದುಕೊಂಡೆ.

ಅಷ್ಟರಲ್ಲಿ ಆಕೆ, ನಮ್ಮ ಹೆಂಗಸರು ಸತ್ತವರನ್ನು ನೆನೆದು ಹಾಡ್ಯಾಡಿ ಅಳುತ್ತಾರಲ್ಲ, ಅದೇ ಧಾಟಿಯಲ್ಲಿ ತೀರಿಹೋದ ನನ್ನ ಅಪ್ಪನ ಮೇಲೆ ಶುರು ಹಚ್ಚಿಕೊಂಡಳು.

“ಪುಣೆಕ್ಕ ಹೋಗಿ ಸೀರಿ ತರ್ತೇನಿ ಅಂದಿ, ಛತ್ರಿ ತಂದ್ಯಲ್ಲೋ ನನ ರಾಜಾ! ಮಳಿ ಇಲ್ಲದ ವರ್ಷ ಛತ್ರಿ ತಂದ್ಯಲ್ಲೋ!”

“ಛತ್ರಿ ತಂದ್ಯಲ್ಲೋ!” ಹೆಂಗಸರೆಲ್ಲ ದನಿಗೂಡಿಸಿದರು.

ಚಾಚಾ ನನ್ನನ್ನು ಬಿಟ್ಟು ಆಕೆಯ ತಾಳ ಹಿಡಿದ. ನಾನೂ ನಡುನಡುವೆ ಗಿಟಾರ್ ಮೀಟುತ್ತಲೇ ಇದ್ದೆ. ಟ್ರಕ್ಕಿನ ಡ್ರೈವರ್ ಎಂಜಿನ್ ಬಂದ್ ಮಾಡಿ ಇಳಿದು ಬಂದ. ಅಪ್ಪನ ತಪ್ಪುಗಳು ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಅಳುತ್ತಿದ್ದವರೆಲ್ಲ ನಗುತ್ತ ಟ್ರಕ್ ಹತ್ತಿದರು. ಇಷ್ಟು ಚೆನ್ನಾದ ಬ್ಲೂಸ್ ನಾನು ಮುಂಬೈಯಲ್ಲೂ ಕೇಳಿರಲಿಲ್ಲ. ನನಗೂ ಅಳು ಬಂದಿತ್ತು.

“ಅವ್ವಾ, ನನ್ನ ಹಾಡು ಹ್ಯಾಂಗಿತ್ತು?”

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಚಲೋ ಇತ್ತಪ್ಪ. ಆದ್ರ ನಾ ಹಾಡುವಾಗ ನಡುನಡುವ ಬಾರಸಬ್ಯಾಡ.”