ಟೇಪಣ್ಣ ಕೋಳಿ ಕಾದದ್ದು

ಬಾಯಿಂದ ಜಾರಿದ ಮಾತು, ಬುಟ್ಟಿಯಿಂದ ಜಾರಿದ ಕೋಳಿಮರಿ, ಎರಡನ್ನೂ ಹಿಡಿದು ತರುವುದು ಕಷ್ಟ. "ಕೋಳಿ ಕಾಯೋದೂ ಒಂದು ಕೆಲಸವೇನೇ?" ಎಂದು ಟೇಪಣ್ಣ ಹೆಂಡತಿಗೆ ಅಂದದ್ದು ಬೆಳಗಿನ ಏಳಕ್ಕೆ. ಏಳೂಕಾಲಿಗೆ ಅವಳು ಅಕ್ಕನ ಮನೆಗೆ ಹೊರಟು ನಿಂತಿದ್ದಳು.

"ಹಾಗಾದ್ರೆ ಇವತ್ತು ನೀವೇ ಕಾಯಿರಿ. ಹತ್ತು ಮರೀಲಿ ಒಂದು ಹದ್ದಿಗಾಯ್ತು, ಒಂದು ಬೆಕ್ಕಿಗಾಯ್ತು. ಉಳಿದಿರೋದು ಎಂಟು. ಐದರ ಬಸ್ಸಿಗೆ ಬರ್ತೀನಿ. ಏಳು ಕಂಡ್ರೆ, ಅದೇ ಬಸ್ಸಿಗೆ ನೀವು ಹತ್ತಿ."

ಟೇಪಣ್ಣ ದರ್ಜಿ. ಅಳತೆಯ ಟೇಪು ಸದಾ ಕೊರಳಲ್ಲೇ ಇರುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು ಅದು. ಅವನು ಹೊಲಿಗೆ ಮಿಷನ್ನನ್ನು ಹಿತ್ತಲಿಗೇ ಎಳೆದು ತಂದು ಕೂತ. ತಾಯಿಕೋಳಿ ಎಂಟು ಮಕ್ಕಳ ಸಂಸಾರದೊಡನೆ ನೆಲ ಕೆದಕುತ್ತಿತ್ತು. ಮೇಲೆ ಹದ್ದು ಸುತ್ತುತ್ತಿತ್ತು. ಗೋಡೆಯ ಮೇಲೆ ಅರ್ಧ ಬಾಲದ ಬೆಕ್ಕೊಂದು ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಿತ್ತು. ಭಗವಂತ ಎಲ್ಲರಿಗೂ ಹೊಟ್ಟೆ ಕೊಟ್ಟು, ಕಾಯುವ ಕೆಲಸವನ್ನು ಮಾತ್ರ ಟೇಪಣ್ಣನಿಗೆ ಒಪ್ಪಿಸಿದ್ದ. ಅವನ ಲೀಲೆಯನ್ನು ಕೇಳಲು ನಾವು ಯಾರು?

ಲೀಲೆ ಸಾಲದೆಂದು ಪಕ್ಕದ ಮನೆಗೆ ನಿವೃತ್ತ ಮೇಷ್ಟ್ರನ್ನೂ ಕೊಟ್ಟಿದ್ದ. ಮೇಷ್ಟ್ರು ಜನ್ಮದಲ್ಲಿ ಕೋಳಿ ಸಾಕಿದವರಲ್ಲ. ಹಾಗಾಗಿ ಆ ವಿಷಯದಲ್ಲಿ ಅವರಿಗೆ ಸಂಶಯಗಳೇ ಇರಲಿಲ್ಲ.

"ಏನಯ್ಯಾ, ಹದ್ದಿಗೆ ಮನುಷ್ಯರನ್ನ ಕಂಡ್ರೆ ಭಯ. ಒಂದು ಬೆದರುಬೊಂಬೆ ನಿಲ್ಲಿಸು."

ಟೇಪಣ್ಣ ಅಂಗಡಿಯ ಬೊಂಬೆ ತಂದು, ಬ್ಯಾಂಕ್ ಮ್ಯಾನೇಜರರಿಗೆಂದು ಹೊಲಿದಿಟ್ಟಿದ್ದ ಕೋಟನ್ನು ತೊಡಿಸಿ ನಿಲ್ಲಿಸಿದ. ಹದ್ದು ಇಳಿದು ಬಂದು, ಅಳತೆ ಕೊಡಲು ಬಂದ ಗಿರಾಕಿಯಷ್ಟೇ ಗಂಭೀರವಾಗಿ ಕೋಟಿನ ಹೆಗಲ ಮೇಲೆ ಕೂತಿತು. ಹೋಗುವಾಗ ಬೆನ್ನ ಮೇಲೆ ಬಿಳಿಯ ರಸೀದಿಯನ್ನೂ ಬಿಟ್ಟು ಹೋಯಿತು.

"ಬೊಂಬೆಗೆ ಮುಖ ಇಲ್ಲವಲ್ಲ, ಅದಕ್ಕೇ ಹೆದರ್ಲಿಲ್ಲ," ಎಂದರು ಮೇಷ್ಟ್ರು. "ನಿನ್ನ ಮುಖ ಇದ್ದಿದ್ರೆ ಹದ್ದು ಊರೇ ಬಿಡ್ತಿತ್ತು."

ಆಗ ಹಿಂದಿನ ಮನೆಯ ನರ್ಸಮ್ಮ ಗೋಡೆಯ ಮೇಲಿಂದ ಇಣುಕಿದರು. "ಬೊಂಬೆಯಾಟ ಬಿಡಿ ಅಣ್ಣಾ. ನಮ್ಮ ತಾರಸೀಲಿ ಹೂಕುಂಡಕ್ಕೆ ಕಟ್ಟಿದ್ದ ಹಸಿರು ಬಲೆ ಇದೆ, ಸುತ್ತ ಹಾಕಿ ಹೊಲಿದುಬಿಡಿ. ಹೊಲಿಯೋದು ನಿಮಗೆ ಹೇಳ್ಕೊಡ್ಬೇಕಾ?"

ಬೇಕಿರಲಿಲ್ಲ. ಹೇಳಿಕೊಟ್ಟಿದ್ದರೇ ಚೆನ್ನಾಗಿತ್ತು.

ಟೇಪಣ್ಣ ನಾಲ್ಕು ಕಂಬ ನೆಟ್ಟು ಬಲೆ ಹೊದಿಸಿದ. ಅಂಚನ್ನು ಮಣ್ಣಲ್ಲಿ ಹೂತು ಇಟ್ಟಿಗೆ ಹೇರಿದ. ಕೋಳಿಗಳನ್ನು ಒಳಗೆ ಅಟ್ಟಿ, ದಬ್ಬಳಕ್ಕೆ ನೈಲಾನ್ ದಾರ ಪೋಣಿಸಿ ಬಲೆಯ ಬಾಯಿ ಹೊಲಿಯತೊಡಗಿದ. ಒಳ್ಳೆಯ ದರ್ಜಿ ಹೊಲಿಗೆ ಹೊರಗೆ ಕಾಣದಂತೆ ಒಳಮಗ್ಗುಲಿನಿಂದ ಹೊಲಿಯುತ್ತಾನೆ. ಮೂವತ್ತು ವರ್ಷದ ಅಭ್ಯಾಸ ನೋಡಿ, ಟೇಪಣ್ಣನೂ ಒಳಗೆ ಹೋಗಿ, ಒಳಗಿನಿಂದಲೇ, ಎರಡೆರಡು ಸಾಲು ಹೊಲಿದ. ಗಂಟು ಬಿಗಿದ. ದಾರವನ್ನು ಹಲ್ಲಿನಿಂದ ಕಡಿದ. ಎರಡು ಹೆಜ್ಜೆ ಹಿಂದೆ ಸರಿದು ತನ್ನ ಕೈಚಳಕಕ್ಕೆ ತಾನೇ ತಲೆದೂಗಿದ. ಹಿಂದೆ ಸರಿದ ಕಾಲನ್ನು ತಾಯಿಕೋಳಿ ಕುಕ್ಕಿತು. ಅಲ್ಲಿಗೆ ಜ್ಞಾನೋದಯವಾಯಿತು.

ಕತ್ತರಿ ಹೊರಗೆ, ಮಿಷನ್ನಿನ ಮೇಲಿತ್ತು.

"ಅಯ್ಯೋ, ಅಣ್ಣ ಒಳಗೇ ಉಳಿದ್ರಲ್ಲಾ!" ನರ್ಸಮ್ಮ ಓಡಿ ಬಂದು ಕತ್ತರಿ ಎತ್ತಿಕೊಂಡರು.

"ಮುಟ್ಬೇಡಿ!" ಟೇಪಣ್ಣ ಕಿರುಚಿದ. "ಬೆಕ್ಕು ನೋಡಿ ಹೇಗೆ ಕಾಯ್ತಿದೆ. ಒಂದು ಸಂದು ಸಿಕ್ರೆ ಸಾಕು, ಎಂಟು ಏಳಾಗುತ್ತೆ. ಅವಳು ಬಂದು ಎಣಿಸ್ಲಿ, ಆಮೇಲೆ ಕತ್ತರಿಸಿ."

"ಇರ್ಲಿ ಬಿಡಮ್ಮ," ಎಂದು ಮೇಷ್ಟ್ರು ಕುರ್ಚಿ ತರಿಸಿ ಕೂತರು. "ನೋಡೋಕೆ ಚೆನ್ನಾಗಿದೆ."

ಮಧ್ಯಾಹ್ನವೆಲ್ಲ ಜನ ಬಂದು ನೋಡಿ ಹೋದರು. ನರ್ಸಮ್ಮ ಬಲೆಯ ಕಣ್ಣಿಗೆ ಸ್ಟ್ರಾ ತೂರಿಸಿ ಟೀ ಕುಡಿಸಿದರು. ಪ್ಯಾಂಟು ಕೇಳಲು ಬಂದ ಗಿರಾಕಿಯೊಬ್ಬ, ವಾಯಿದೆ ತಪ್ಪುವ ದರ್ಜಿಗೆ ದೇವರು ತಕ್ಕ ಜಾಗವನ್ನೇ ತೋರಿಸಿದ್ದಾನೆಂದು ಕೈಮುಗಿದು ಹಿಂತಿರುಗಿದ. ಬಿಸಿಲಿಗೆ ಬಳಲಿದ ಎರಡು ಮರಿಗಳು ಟೇಪಣ್ಣನ ಮಡಿಲೇರಿ ನಿದ್ದೆಹೋದವು. ಅವನನ್ನು ಅಷ್ಟೊಂದು ನಂಬಿದವರು ಆ ಮನೆಯಲ್ಲಿ ಹಿಂದೆ ಯಾರೂ ಇರಲಿಲ್ಲ. ನಾಲ್ಕೂವರೆಗೆ ಬೆಕ್ಕು ಬೇಸತ್ತು ಗೋಡೆಯಾಚೆ ಹಾರಿತು. ಹದ್ದೂ ಬೇರೆ ಬೀದಿ ನೋಡಿಕೊಂಡಿತು. ಟೇಪಣ್ಣ ಗೆದ್ದಿದ್ದ.

ಐದರ ಬಸ್ಸಿಗೆ ಹೆಂಡತಿ ಬಂದಳು. ಹೆಗಲಲ್ಲಿ ದೊಡ್ಡ ಬಟ್ಟೆಚೀಲ. ಬಲೆಯೊಳಗಿನ ಗಂಡನನ್ನು ಒಮ್ಮೆ ನೋಡಿದಳು. ಮರಿಗಳನ್ನು ಎರಡು ಸಲ ಎಣಿಸಿದಳು.

"ಎಂಟೂ ಇವೆ! ಪರವಾಗಿಲ್ಲ ರೀ, ನಿಮ್ಮ ಕೈಲೂ ಆಗುತ್ತೆ."

ಮದುವೆಯಾದ ಮೇಲೆ ಕೇಳಿದ ಮೊದಲ ಹೊಗಳಿಕೆ. ಟೇಪಣ್ಣನ ಕಣ್ಣು ತುಂಬಿತು. "ಸರಿ, ಬೇಗ ಕತ್ತರಿಸೇ. ಕಾಲು ಜೋಮು ಹಿಡಿದಿದೆ."

ಅವಳು ಕತ್ತರಿ ಹಿಡಿದು ಬಗ್ಗಿದಳು. ಹೆಗಲ ಚೀಲ ಅಲುಗಿತು. ಒಳಗಿನಿಂದ 'ಮ್ಯಾಂವ್' ಎಂದಿತು.

"ಅಕ್ಕನ ಮನೆ ಬೆಕ್ಕು ಕಣ್ರೀ. ಅವರ ಕೋಳಿಗೂಡು ಪೂರ್ತಿ ಖಾಲಿ ಮಾಡ್ತಂತೆ, ಎಲ್ಲಾದ್ರೂ ಬಿಟ್ಟು ಬರ್ತೀನಿ ಅಂತಿದ್ಲು. ಪಾಪ, ಮೂಕಪ್ರಾಣಿ. ಯಾರಾದ್ರೂ ಜೊತೇಲಿದ್ದು ಕಾದ್ರೆ ನಾಲ್ಕು ದಿನದಲ್ಲಿ ಕೋಳಿಗಳಿಗೆ ಹೊಂದ್ಕೊಳ್ಳುತ್ತೆ. ನೀವು ಹೇಗೂ ಒಳಗೇ ಇದ್ದೀರಲ್ಲ?"

ಹೀಗೆಂದು ಅವಳು ಬಲೆಯನ್ನು ಕತ್ತರಿಸಿದಳು. ಸರಿಯಾಗಿ ಒಂದು ಬೆಕ್ಕು ಹೋಗುವಷ್ಟು.